ಕಿರಿಯ ಸಂಶೋಧಕರ ಅನುದಾನವೂ ಗಡಿನಾಡಿನ ಮಕ್ಕಳೂ

2025ರ ಅಕ್ಟೋಬರ್ 1ರಂದು ಕೇಂದ್ರ ಸಚಿವ ಸಂಪುಟವು ಜೈವಿಕ ವೈದ್ಯಕೀಯ ಸಂಶೋಧನಾ ವೃತ್ತಿ ಕಾರ್ಯಕ್ರಮದ ಮೂರನೆಯ ಹಂತಕ್ಕೆ ಒಪ್ಪಿಗೆ ನೀಡಿತು. ಒಟ್ಟು ವೆಚ್ಚ 1,500 ಕೋಟಿ ರೂಪಾಯಿ. ಅದರಲ್ಲಿ 1,000 ಕೋಟಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯದು. ಉಳಿದ 500 ಕೋಟಿ ಲಂಡನ್ನಿನ ವೆಲ್‌ಕಮ್ ಟ್ರಸ್ಟಿನದು. ಇವೆರಡೂ ಸೇರಿ ನಡೆಸುವ ‘ಇಂಡಿಯಾ ಅಲಯನ್ಸ್’ ಎಂಬ ಸಂಸ್ಥೆಯು ಈ ಹಣವನ್ನು ಸಂಶೋಧಕರಿಗೆ ಹಂಚುತ್ತದೆ. ಮಳೆ, ಬೆಳೆ, ಪರೀಕ್ಷೆ, ಶಾಲೆಯ ಶುಲ್ಕಗಳ ಚಿಂತೆಯಲ್ಲಿರುವ ಅಕ್ಕಲಕೋಟೆಯ ಅಥವಾ ಜತ್ತದ ಮನೆಯೊಂದರಲ್ಲಿ ಇಂಥ ಸುದ್ದಿಗೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ವಿಜ್ಞಾನಿಗಳ ವಿಷಯ ವಿಜ್ಞಾನಿಗಳಿಗೆ ಇರಲಿ ಎಂದು ಪುಟ ತಿರುವುವುದು ಸಹಜ.

ಆದರೂ ಈ ಸುದ್ದಿಯಲ್ಲಿರುವ ವರ್ಷಗಳ ಲೆಕ್ಕವನ್ನು ಕನ್ನಡ ಶಾಲೆಯ ಪಾಲಕರು ಒಮ್ಮೆ ನೋಡಬೇಕು. ಈ ಹಂತದಲ್ಲಿ 2030-31ರವರೆಗೆ ಹೊಸ ಅನುದಾನಗಳನ್ನು ಮಂಜೂರು ಮಾಡಲಾಗುತ್ತದೆ; ಹಾಗೆ ಮಂಜೂರಾದವುಗಳ ಹಣ 2037-38ರವರೆಗೂ ಸಂದಾಯವಾಗುತ್ತ ಹೋಗುತ್ತದೆ. 2025ರಲ್ಲಿ ಎಂಟನೆಯ ತರಗತಿಯಲ್ಲಿದ್ದ ಹದಿಮೂರು ವರ್ಷದ ಹುಡುಗಿಗೆ ಆ ಕೊನೆಯ ವರ್ಷದಲ್ಲಿ ಇಪ್ಪತ್ತೈದು ತುಂಬಿರುತ್ತದೆ. ಮನಸ್ಸಿನ ಕಾಯಿಲೆಗಳಲ್ಲಿ ಅರ್ಧದಷ್ಟು ಹದಿನಾಲ್ಕನೆಯ ವಯಸ್ಸಿನೊಳಗೆ, ಮುಕ್ಕಾಲು ಪಾಲು ಇಪ್ಪತ್ತನಾಲ್ಕರೊಳಗೆ ಮೊದಲು ಕಾಣಿಸಿಕೊಳ್ಳುತ್ತವೆ ಎಂದು ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದು ತೋರಿಸಿತ್ತು. ಅಂದರೆ ಆ ಹುಡುಗಿಯ ಬಾಳಿನಲ್ಲಿ ಅತ್ಯಂತ ಎಚ್ಚರ ಬೇಕಾದ ಹನ್ನೆರಡು ವರ್ಷಗಳೂ ಈ ಯೋಜನೆಯ ಹನ್ನೆರಡು ವರ್ಷಗಳೂ ಒಂದೇ. ಆ ಅವಧಿಯಲ್ಲಿ ಯಾರಾದರೊಬ್ಬ ಸಂಶೋಧಕ ಅವಳ ಶಾಲೆಗೆ ಬರುವನೇ, ಬಂದರೆ ಯಾವ ಭಾಷೆಯಲ್ಲಿ ಕೇಳುವನು ಎಂಬುದು ಇಲ್ಲಿರುವ ಪ್ರಶ್ನೆ.

ಮೊದಲಿಗೆ ಈ ಹಣ ಯಾವ ಬಗೆಯದು ಎಂಬುದನ್ನು ತಿಳಿಯುವುದು ಒಳ್ಳೆಯದು. ಇಂಥ ಫೆಲೋಷಿಪ್ ದೊರೆತಾಗ ಪತ್ರಿಕೆಗಳು ‘ಪ್ರಶಸ್ತಿ’ ಎಂದು ಬರೆಯುತ್ತವೆ. ಪ್ರಶಸ್ತಿ ಎಂದೊಡನೆ ಕನ್ನಡಿಗರ ಕಣ್ಣಿಗೆ ಶಾಲು, ಹಾರ, ಫಲತಾಂಬೂಲ, ಸ್ಮರಣಿಕೆಗಳು ಕಾಣುತ್ತವೆ. ಮಾಡಿ ಮುಗಿಸಿದ ಕೆಲಸಕ್ಕೆ ಸಂದ ಗೌರವ ಎಂಬ ಭಾವ ಬರುತ್ತದೆ. ಇದು ಆ ಜಾತಿಯದಲ್ಲ. ಇದೊಂದು ಕರಾರು. ಇನ್ನೂ ಮಾಡದ ಕೆಲಸದ ಮೇಲೆ ಇಟ್ಟ ನಂಬಿಕೆ. ಕಿರಿಯ ಸಂಶೋಧಕನು ತಾನು ಯಾವ ಪ್ರಶ್ನೆಯನ್ನು ಹಿಡಿಯುವೆನು, ಯಾವ ಊರಿನಲ್ಲಿ, ಯಾರ ನಡುವೆ, ಯಾವ ಕ್ರಮದಲ್ಲಿ ಉತ್ತರ ಹುಡುಕುವೆನು ಎಂದು ಬರೆದು ಕೊಡುತ್ತಾನೆ. ತಜ್ಞರು ಅದನ್ನು ಓದಿ, ಅವನನ್ನು ಕರೆಸಿ ಪ್ರಶ್ನಿಸಿ, ಒಪ್ಪಿಗೆಯಾದರೆ ಅವನ ಸಂಬಳ ಹಾಗೂ ಸಂಶೋಧನೆಯ ಖರ್ಚನ್ನು ಹೊರುತ್ತಾರೆ. ಇಂಡಿಯಾ ಅಲಯನ್ಸ್ ಇಂಥ ಆರಂಭಿಕ ಹಂತದ ಫೆಲೋಷಿಪ್ಪನ್ನು ಐದು ವರ್ಷಗಳಿಗೆ ಕೊಡುತ್ತ ಬಂದಿದೆ. ಬ್ರಿಟನ್ನಿನಲ್ಲಿ 2013ರಲ್ಲಿ ಆರಂಭವಾದ ‘ಎಂಕ್ಯೂ’ ಎಂಬ ದತ್ತಿ ಸಂಸ್ಥೆಯು ಮಾನಸಿಕ ಆರೋಗ್ಯಕ್ಕೆಂದೇ ಕಿರಿಯ ಸಂಶೋಧಕರಿಗೆ ಮೂರು ವರ್ಷಗಳವರೆಗೆ 2,25,000 ಪೌಂಡಿನಷ್ಟು, ಎಂದರೆ ಎರಡು ಕೋಟಿ ರೂಪಾಯಿಗೂ ಮೇಲ್ಪಟ್ಟ ನೆರವನ್ನು ಕೊಟ್ಟಿದೆ. 2019ರಲ್ಲಿ ವೆಲ್‌ಕಮ್ ಟ್ರಸ್ಟ್ ಹದಿನಾಲ್ಕರಿಂದ ಇಪ್ಪತ್ತನಾಲ್ಕು ವಯಸ್ಸಿನವರ ಆತಂಕ ಮತ್ತು ಖಿನ್ನತೆಗಳನ್ನು ಮುಖ್ಯವಾಗಿ ಇಟ್ಟುಕೊಂಡು ಐದು ವರ್ಷಗಳಿಗೆ 20 ಕೋಟಿ ಪೌಂಡುಗಳನ್ನು ಘೋಷಿಸಿತು.

ಹಿರಿಯರನ್ನು ಬಿಟ್ಟು ಕಿರಿಯರಿಗೇಕೆ ಇಷ್ಟು ಹಣ ಎಂದು ಯಾರಾದರೂ ಕೇಳಬಹುದು. ವಕೀಲಿ ವೃತ್ತಿಯನ್ನು ಬಲ್ಲವರಿಗೆ ಉತ್ತರ ಬೇಗ ಹೊಳೆಯುತ್ತದೆ. ಸನ್ನದು ಪಡೆದ ಹೊಸಬ ಹಿರಿಯರ ಕಚೇರಿಯಲ್ಲಿ ಕಡತ ಹೊತ್ತು ಕೆಲಸ ಕಲಿಯುತ್ತಾನೆ. ಆದರೆ ಕಕ್ಷಿದಾರರು ಹಿರಿಯರವರು, ವಾದವೂ ಅವರದೇ. ಪಿಎಚ್‌ಡಿ ಮುಗಿಸಿದ ಸಂಶೋಧಕನ ಸ್ಥಿತಿಯೂ ಹೀಗೆಯೇ. ಮೂವತ್ತರ ಆಸುಪಾಸಿನಲ್ಲಿ ಅವನು ಯಾರದೋ ಯೋಜನೆಯಲ್ಲಿ ವರ್ಷವರ್ಷಕ್ಕೆ ನವೀಕರಿಸುವ ಕೆಲಸ ಹಿಡಿಯುತ್ತಾನೆ. ಪ್ರಶ್ನೆ ಹಿರಿಯರದು, ಊರು ಹಿರಿಯರು ಆರಿಸಿದ್ದು, ಭಾಷೆಯೂ ಅದೇ. ತನ್ನ ಊರಿನ ಮಕ್ಕಳ ಬಗ್ಗೆ ತನಗೊಂದು ಪ್ರಶ್ನೆಯಿದ್ದರೂ ಅದನ್ನು ಹಿಡಿದು ಕೂರಲು ಅವನಿಗೆ ಸಮಯವೂ ಇಲ್ಲ, ಮನೆ ನಡೆಸುವ ಹಣವೂ ಇಲ್ಲ. ಹಲವರು ಈ ಹಂತದಲ್ಲಿ ಸಂಶೋಧನೆಯನ್ನೇ ಬಿಟ್ಟು ಆಸ್ಪತ್ರೆಗೋ ಕಾಲೇಜಿಗೋ ಹೋಗುತ್ತಾರೆ. ಅವರೊಡನೆ ಅವರ ಪ್ರಶ್ನೆಯೂ ಹೋಗುತ್ತದೆ.

ಕಿರಿಯನೊಬ್ಬನಿಗೆ ಎರಡು ವರ್ಷ ದೊರೆತರೆ ಏನಾಗಬಹುದು ಎಂಬುದಕ್ಕೆ ಹರಾರೆಯ ಉದಾಹರಣೆ ಇದೆ. ಮುಂಬಯಿಯಲ್ಲಿ ವೈದ್ಯಕೀಯ ಓದಿ, ಬ್ರಿಟನ್ನಿನಲ್ಲಿ ಮನೋವೈದ್ಯಶಾಸ್ತ್ರದ ತರಬೇತಿ ಪಡೆದ ವಿಕ್ರಮ್ ಪಟೇಲ್ 1993ರಲ್ಲಿ ಜಿಂಬಾಬ್ವೆಯ ರಾಜಧಾನಿ ಹರಾರೆಗೆ ಸಂಶೋಧನೆಗೆಂದು ಹೋದರು. ಖಿನ್ನತೆ ಎಂಬುದು ಪಾಶ್ಚಾತ್ಯರ ಕಲ್ಪನೆ, ಬೇರೆ ಸಮಾಜಗಳಲ್ಲಿ ಅದಕ್ಕೆ ಅರ್ಥವಿಲ್ಲ ಎಂಬ ವಾದವು ಆಗ ವಿದ್ವಾಂಸರಲ್ಲಿ ಬಲವಾಗಿತ್ತು. ಪಟೇಲರು ಮಾಡಿದ ಕೆಲಸ ಸರಳವಾದದ್ದು, ಆದರೆ ಸಮಯ ಬೇಡುವಂಥದ್ದು. ಅವರು ರೋಗಿಗಳನ್ನೂ ಆರೋಗ್ಯ ಕಾರ್ಯಕರ್ತರನ್ನೂ ನಾಟಿ ವೈದ್ಯರನ್ನೂ ಕೇಳುತ್ತ ಹೋದರು: ಮನಸ್ಸಿಗೆ ನೋವಾದಾಗ ಶೋನಾ ಭಾಷೆಯ ಜನ ಏನೆಂದು ಹೇಳುತ್ತಾರೆ? ಮತ್ತೆ ಮತ್ತೆ ಬಂದ ಪದ ‘ಕುಫುಂಗಿಸಿಸಾ’. ಅತಿಯಾಗಿ ಯೋಚಿಸುವುದು, ಯೋಚನೆ ಹಚ್ಚಿಕೊಳ್ಳುವುದು ಎಂದು ಅದರ ಅರ್ಥ. ಕನ್ನಡದ ತಾಯಂದಿರು ‘ಹುಡುಗ ಏನನ್ನೋ ಮನಸ್ಸಿಗೆ ಹಚ್ಚಿಕೊಂಡಿದ್ದಾನೆ’ ಎನ್ನುತ್ತಾರಲ್ಲ, ಅದರ ಸಮೀಪದ ಮಾತು. ಹೀಗೆ ಕೇಳಿ ತಿಳಿದ ಮಾತುಗಳಿಂದ ಹದಿನಾಲ್ಕು ಪ್ರಶ್ನೆಗಳ ಪ್ರಶ್ನಾವಳಿಯೊಂದು ಸಿದ್ಧವಾಯಿತು. ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರಿಸುವ, ಕಳೆದ ಒಂದು ವಾರದ ಬಗ್ಗೆ ಕೇಳುವ ಈ ಪ್ರಶ್ನಾವಳಿ 1997ರಲ್ಲಿ ಪ್ರಕಟವಾಯಿತು.

ಅದರ ಫಲ ಕಂಡದ್ದು ವರ್ಷಗಳ ಮೇಲೆ. ಜಿಂಬಾಬ್ವೆಯ ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಲ್ಲಿ ಹರಾರೆಯ ಎಂಬಾರೆ ಬಡಾವಣೆಯಲ್ಲಿ ಹದಿನಾಲ್ಕು ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಆವರಣದಲ್ಲಿ ಬೆಂಚು ಹಾಕಿ ಕೂರಿಸಿದರು. ‘ಸ್ನೇಹದ ಬೆಂಚು’ ಎಂದು ಅದು ಹೆಸರಾಯಿತು. ಯಾರಿಗೆ ಆ ಬೆಂಚಿನ ಅಗತ್ಯವಿದೆ ಎಂದು ಗುರುತಿಸಲು ಬಳಸಿದ್ದು ಆ ಶೋನಾ ಪ್ರಶ್ನಾವಳಿಯನ್ನೇ. 24 ಆರೋಗ್ಯ ಕೇಂದ್ರಗಳ 573 ಮಂದಿಯ ಮೇಲೆ ನಡೆದ ಪರೀಕ್ಷೆ 2016ರಲ್ಲಿ ಪ್ರಕಟವಾಗಿ, ಅಜ್ಜಿಯರ ಬಳಿ ಕೂತು ಮಾತಾಡಿದವರ ಲಕ್ಷಣಗಳು ಸಾಮಾನ್ಯ ಆರೈಕೆ ಪಡೆದವರಿಗಿಂತ ಸ್ಪಷ್ಟವಾಗಿ ಕಡಿಮೆಯಾದವು ಎಂದು ತೋರಿಸಿತು. ಮುಂದೆ ತರುಣರಿಗಾಗಿಯೂ ಇಂಥ ಬೆಂಚುಗಳು ಬಂದವು. ಕಿರಿಯ ವೈದ್ಯನೊಬ್ಬನ ಎರಡು ವರ್ಷದ ಖರ್ಚಿನಿಂದ ಹುಟ್ಟಿದ ಹದಿನಾಲ್ಕು ಪ್ರಶ್ನೆಗಳು ಇಪ್ಪತ್ತು ವರ್ಷದ ಮೇಲೂ ಕೆಲಸಕ್ಕೆ ಬಂದವು. ಕಾರಣ, ಅವು ಆ ಜನರ ಬಾಯಿಂದಲೇ ಬಂದಿದ್ದವು.

ಪಟೇಲರು ಭಾರತಕ್ಕೆ ಮರಳಿ, 1996ರಲ್ಲಿ ಗೆಳೆಯರೊಡನೆ ಗೋವೆಯಲ್ಲಿ ‘ಸಂಗಾತ್’ ಸಂಸ್ಥೆಯನ್ನು ಕಟ್ಟಿದರು. ವಾಸ್ಕೊ ಸುತ್ತಿನಲ್ಲಿ ನೆಲೆಸಿದ ಕನ್ನಡಿಗರಿಗೆ ಆ ಹೆಸರು ಅಪರಿಚಿತವಾಗಿರಲಾರದು. ಈ ಸಂಸ್ಥೆಯ ಕಿರಿಯ ಸಂಶೋಧಕರು ಪಾಲ್ಗೊಂಡ ಎರಡು ಅಧ್ಯಯನಗಳು ಶಾಲೆಗಳ ಮಟ್ಟಿಗೆ ಮುಖ್ಯವಾದವು. ಒಂದು ಬಿಹಾರದ ನಾಲಂದಾ ಜಿಲ್ಲೆಯದು. ಅಲ್ಲಿಯ 75 ಸರ್ಕಾರಿ ಪ್ರೌಢಶಾಲೆಗಳನ್ನು ಚೀಟಿಯೆತ್ತಿದಂತೆ ಮೂರು ಗುಂಪು ಮಾಡಲಾಯಿತು. ಒಂದು ಗುಂಪಿನ ಶಾಲೆಗಳಿಗೆ ‘ಸೆಹರ್ ಮಿತ್ರ’ ಎಂಬ ಹೆಸರಿನ ಆಪ್ತಸಮಾಲೋಚಕರು ಬಂದರು. ಇವರು ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಎರಡನೆಯ ಗುಂಪಿನಲ್ಲಿ ಅದೇ ಕೆಲಸವನ್ನು ಶಾಲೆಯ ಶಿಕ್ಷಕರಿಗೇ ವಹಿಸಲಾಯಿತು. ಮೂರನೆಯದರಲ್ಲಿ ಸರ್ಕಾರದ ಎಂದಿನ ಜೀವನ ಕೌಶಲ ಪಾಠ ಮಾತ್ರ. ಪ್ರಾರ್ಥನಾ ಸಭೆಯಲ್ಲಿ ಮಾತು, ಗೋಡೆ ಪತ್ರಿಕೆ, ಹೆಸರು ಬರೆಯದೆ ದೂರು ಹಾಕಬಹುದಾದ ಪೆಟ್ಟಿಗೆ, ಬೇಕಾದವರಿಗೆ ಪ್ರತ್ಯೇಕ ಸಮಾಲೋಚನೆ: ಹೊಸ ಕಾರ್ಯಕ್ರಮದಲ್ಲಿದ್ದದ್ದು ಇಂಥ ಸಂಗತಿಗಳು. ಸಚಿನ್ ಶಿಂದೆ ಮೊದಲ ಲೇಖಕರಾಗಿರುವ ಅದರ ವರದಿ 2018ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಿತು. ಆಪ್ತಸಮಾಲೋಚಕರಿದ್ದ ಶಾಲೆಗಳಲ್ಲಿ ಶಾಲೆಯ ವಾತಾವರಣ ಸುಧಾರಿಸಿತ್ತು, ಖಿನ್ನತೆಯ ಲಕ್ಷಣಗಳೂ ಮಕ್ಕಳು ಮಕ್ಕಳನ್ನು ಪೀಡಿಸುವುದೂ ಕಡಿಮೆಯಾಗಿದ್ದವು. ಶಿಕ್ಷಕರು ನಡೆಸಿದ ಶಾಲೆಗಳಲ್ಲಿ ಹೇಳಿಕೊಳ್ಳುವಂಥ ಪರಿಣಾಮವೇ ಇರಲಿಲ್ಲ.

ಈ ಫಲಿತಾಂಶವನ್ನು ಶಿಕ್ಷಕರ ಮೇಲಿನ ದೂರೆಂದು ಓದಿದರೆ ಅನ್ಯಾಯವಾದೀತು. ಗಡಿಭಾಗದ ಕನ್ನಡ ಶಾಲೆಗಳನ್ನು ಕಂಡವರಿಗೆ ಗೊತ್ತು: ಖಾಲಿ ಹುದ್ದೆಗಳ ನಡುವೆ ಒಬ್ಬರೇ ಶಿಕ್ಷಕರು ಎರಡು ತರಗತಿಗಳನ್ನು ನೋಡಿಕೊಳ್ಳುತ್ತ, ಬಿಸಿಯೂಟದ ಲೆಕ್ಕ ಬರೆಯುತ್ತ, ಜನಗಣತಿಗೂ ಚುನಾವಣೆಗೂ ಓಡಾಡುತ್ತಿರುತ್ತಾರೆ. ಅದರ ಮೇಲೆ ಮಕ್ಕಳ ಮನಸ್ಸನ್ನೂ ನೋಡಿಕೊಳ್ಳಿ ಎಂಬ ಸುತ್ತೋಲೆ ಹೊರಡಿಸುವುದು ಯಾವ ಇಲಾಖೆಗಾದರೂ ಅಗ್ಗದ ದಾರಿ. ಜೊತೆಗೆ, ಅಂಕ ಹಾಕುವ ಕೈಯೇ ಕಣ್ಣೀರು ಒರೆಸಬೇಕಾದಾಗ ಮಗು ಹಿಂಜರಿಯುವುದೂ ಉಂಟು. ಆ ಅಗ್ಗದ ದಾರಿ ಗುರಿ ಮುಟ್ಟಿಸಲಿಲ್ಲ ಎಂದು ಎಪ್ಪತ್ತೈದು ಶಾಲೆಗಳಲ್ಲಿ ಪರೀಕ್ಷಿಸಿ ತೋರಿಸಿದ್ದು ಸಂಶೋಧನೆ. ಅದಿಲ್ಲದಿದ್ದರೆ ಯಾವ ಶಿಕ್ಷಕ ಸಂಘದ ಮನವಿಗೂ ಆ ಬಲ ಬರುತ್ತಿರಲಿಲ್ಲ.

ಎರಡನೆಯ ಅಧ್ಯಯನ ದೆಹಲಿಯ ಆರು ಸರ್ಕಾರಿ ಶಾಲೆಗಳದು, 2020ರಲ್ಲಿ ಪ್ರಕಟವಾಯಿತು. ಒಂಬತ್ತರಿಂದ ಹನ್ನೆರಡನೆಯ ತರಗತಿಯ 251 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಸಮಸ್ಯೆ ಬಿಡಿಸುವ ಕ್ರಮವನ್ನು ಹೇಳುವ ಚಿತ್ರಕಥೆಯ ಪುಸ್ತಿಕೆಗಳನ್ನು ಮಾತ್ರ ಕೊಟ್ಟರು. ಉಳಿದವರಿಗೆ ಪುಸ್ತಿಕೆಗಳ ಜೊತೆಗೆ ಆಪ್ತಸಮಾಲೋಚಕರೊಡನೆ ಕೆಲವು ಚಿಕ್ಕ ಭೇಟಿಗಳನ್ನು ಏರ್ಪಡಿಸಿದರು. ಫಲವನ್ನು ಎರಡು ರೀತಿಯಲ್ಲಿ ಅಳೆದರು. ಮೊದಲನೆಯದು ಲೋಕದ ತುಂಬ ಬಳಕೆಯಲ್ಲಿರುವ ಸಿದ್ಧ ಪ್ರಶ್ನಾವಳಿ. ಎರಡನೆಯದು ವಿಶೇಷವಾದದ್ದು: ನಿನ್ನನ್ನು ಹೆಚ್ಚು ಕಾಡುತ್ತಿರುವ ಮೂರು ಸಮಸ್ಯೆಗಳನ್ನು ನಿನ್ನ ಮಾತಿನಲ್ಲೇ ಹೇಳು, ಪ್ರತಿಯೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡು ಎಂದು ಮಗುವನ್ನೇ ಕೇಳುವುದು. ಆರು ವಾರಗಳ ನಂತರ ನೋಡಿದಾಗ ಸಿದ್ಧ ಪ್ರಶ್ನಾವಳಿಯಲ್ಲಿ ಎರಡು ಗುಂಪುಗಳಿಗೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮಕ್ಕಳು ತಮ್ಮ ಮಾತಿನಲ್ಲಿ ಹೇಳಿದ ಸಮಸ್ಯೆಗಳ ಭಾರ ಮಾತ್ರ ಸಮಾಲೋಚಕರನ್ನು ಕಂಡ ಗುಂಪಿನಲ್ಲಿ ಹೆಚ್ಚು ಇಳಿದಿತ್ತು.

ಇದಕ್ಕೆ ವಿದ್ವಾಂಸರು ಬೇರೆ ಬೇರೆ ವಿವರಣೆ ಕೊಡಬಹುದು. ಗಡಿನಾಡಿನ ಪಾಲಕರಿಗೆ ಮಾತ್ರ ಅದರಲ್ಲೊಂದು ಸೂಚನೆ ಕಾಣದೆ ಇರದು. ಮಗು ತನ್ನ ಮಾತಿನಲ್ಲಿ ಹೇಳಿದ ಸಂಕಟಕ್ಕೂ ಮುದ್ರಿತ ಹಾಳೆ ಕೇಳುವ ಸಂಕಟಕ್ಕೂ ನಡುವೆ ಅಂತರವಿರಬಹುದು. ಹಿಂದಿ ಮಾತಾಡುವ ದೆಹಲಿಯಲ್ಲಿಯೇ ಈ ಅಂತರವಿದ್ದರೆ, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಮೊಬೈಲಿನಲ್ಲಿ ಹಿಂದಿ ಎಂದು ಮೂರು ಮಾತಿನ ನಡುವೆ ಬೆಳೆಯುವ ಸೊಲ್ಲಾಪುರದ ಮಗುವಿನಲ್ಲಿ ಅದು ಎಷ್ಟಿರಬಹುದು?

ಕನ್ನಡದಲ್ಲಿ ಪ್ರಶ್ನಾವಳಿಗಳೇ ಇಲ್ಲವೆಂದಲ್ಲ. ಖಿನ್ನತೆಯನ್ನು ಗುರುತಿಸಲು ಆಸ್ಪತ್ರೆಗಳಲ್ಲಿ ಬಳಸುವ ಒಂಬತ್ತು ಪ್ರಶ್ನೆಗಳ ‘ಪಿಎಚ್‌ಕ್ಯೂ-9’ ಕನ್ನಡದಲ್ಲಿ ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆ ಕನ್ನಡಿಗರ ನಡುವೆಯೇ ಇದೆ. ಮೈಸೂರಿನ ‘ಮಿಷನ್ ಆಸ್ಪತ್ರೆ’ ಎಂದು ಜನ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ 830 ಗರ್ಭಿಣಿಯರನ್ನು ಸೇರಿಸಿಕೊಂಡು ಆರಂಭವಾದ ಅಧ್ಯಯನವು, ಅವರ ಮಕ್ಕಳನ್ನು ಹರೆಯದವರೆಗೂ ಬಿಡದೆ ಹಿಂಬಾಲಿಸಿತು. ಅವರಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳಿಗೆ ಹದಿಮೂರು ದಾಟಿದಾಗ, ಅಪರಿಚಿತರಾದ ಇಬ್ಬರು ಪರೀಕ್ಷಕರ ಮುಂದೆ ಐದು ನಿಮಿಷ ಮಾತಾಡಿಸಿ, ಬಾಯಿಲೆಕ್ಕ ಕೇಳಿ, ಆ ಒತ್ತಡಕ್ಕೆ ದೇಹ ಹೇಗೆ ಸ್ಪಂದಿಸುತ್ತದೆ ಎಂದು ಅಳೆದರು. ತಾಯಿಗೆ ಬಸಿರಿನಲ್ಲಿ ಸಕ್ಕರೆ ಕಾಯಿಲೆ ಇದ್ದ ಮಕ್ಕಳಲ್ಲಿ ಹೃದಯ ಮತ್ತು ರಕ್ತದೊತ್ತಡದ ಸ್ಪಂದನ ಹೆಚ್ಚಾಗಿತ್ತು. ಹದಿಮೂರು ವರ್ಷ ಕಾದು ಪಡೆದ ಇಂಥ ಉತ್ತರ ಒಂದೆರಡು ವರ್ಷದ ಯೋಜನೆಯಿಂದ ಎಂದೂ ಬರಲಾರದು.

ಇವೆಲ್ಲ ಕರ್ನಾಟಕದ ಒಳಗಿನ ಮಾತು. ಗಡಿಯ ಈಚೆಗೆ ಬಂದರೆ ಲೆಕ್ಕ ಬೇರೆಯಾಗುತ್ತದೆ, ಏಕೆಂದರೆ ಸಮೀಕ್ಷೆಗಳನ್ನು ರಾಜ್ಯವಾರು ಯೋಜಿಸಲಾಗುತ್ತದೆ. 2015-16ರಲ್ಲಿ ನಿಮ್ಹಾನ್ಸ್ ನೇತೃತ್ವದಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹನ್ನೆರಡು ರಾಜ್ಯಗಳನ್ನು ಆರಿಸಿಕೊಂಡಿತು. ಪೂರ್ವಭಾವಿ ಪ್ರಯೋಗ ಕೋಲಾರದಲ್ಲಿ ನಡೆಯಿತು. ಹದಿಮೂರರಿಂದ ಹದಿನೇಳು ವಯಸ್ಸಿನವರಲ್ಲಿ ಶೇಕಡಾ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇದೆ ಎಂಬ ಅಂಕಿ ಆ ಸಮೀಕ್ಷೆಯದೇ. ಗಡಿನಾಡ ಕನ್ನಡಿಗರ ರಾಜ್ಯಗಳಲ್ಲಿ ಕೇರಳ, ತಮಿಳುನಾಡುಗಳು ಆ ಹನ್ನೆರಡರಲ್ಲಿ ಇದ್ದವು. ಮಹಾರಾಷ್ಟ್ರ, ಆಂಧ್ರಪ್ರದೇಶ, ತೆಲಂಗಾಣ, ಗೋವಾ ಇರಲಿಲ್ಲ. ಇದ್ದ ರಾಜ್ಯಗಳಲ್ಲಿಯೂ ಒಂದು ರಾಜ್ಯದ ಅಂಕಿ ಎಂದರೆ ಸಹಜವಾಗಿಯೇ ಆ ರಾಜ್ಯದ ಬಹುಸಂಖ್ಯಾತರ ಅಂಕಿ. ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳು, ತಾಳವಾಡಿಯ ಮಕ್ಕಳು ಅದರಲ್ಲಿ ಪ್ರತ್ಯೇಕವಾಗಿ ಕಾಣುವುದಿಲ್ಲ. ಇದರ ಹಿಂದೆ ಯಾರ ದ್ವೇಷವನ್ನೂ ಹುಡುಕಬೇಕಾಗಿಲ್ಲ. ಮಾದರಿ ಆರಿಸುವ ಗಣಿತವೇ ಹಾಗೆ. ಆದರೆ ಕಾರಣ ಮುಗ್ಧವಾಗಿದ್ದರೂ ಫಲ ಒಂದೇ.

ಮತ್ತೊಂದು ತೊಡಕು ಕನ್ನಡದ ಒಳಗೇ ಇದೆ. ಬೆಂಗಳೂರಿನಲ್ಲಿ ಸಿದ್ಧವಾದ ಗ್ರಂಥಸ್ಥ ಕನ್ನಡದ ಪ್ರಶ್ನೆ ಎಲ್ಲ ಗಡಿಗಳಿಗೂ ಹೊಂದುವುದಿಲ್ಲ. ಕಾಸರಗೋಡಿನ ಹುಡುಗ ತನಗೆ ‘ಮಂಡೆಬಿಸಿ’ ಎನ್ನುತ್ತಾನೆ. ಅಕ್ಕಲಕೋಟೆಯ ಹುಡುಗಿ ‘ಜೀವಕ್ಕ ಸಮಾಧಾನ ಇಲ್ಲ’ ಎನ್ನುತ್ತಾಳೆ, ‘ಬ್ಯಾಸರ’ ಎನ್ನುತ್ತಾಳೆ. ಪರೀಕ್ಷೆಯ ಹಿಂದಿನ ದಿನ ಹೊಟ್ಟೆ ತೊಳಸುತ್ತದೆ, ತಲೆ ಸಿಡಿಯುತ್ತದೆ ಎಂದು ಹಾಸಿಗೆ ಹಿಡಿಯುವ ಮಗುವಿಗೆ ಅದು ಆತಂಕ ಎಂಬ ಪದವೇ ಹೊಳೆದಿರುವುದಿಲ್ಲ. ‘ಖಿನ್ನತೆ’ ಎಂಬ ಸಂಸ್ಕೃತ ಪದವನ್ನು ಪಠ್ಯದಲ್ಲಿ ಓದಿದ ಮಗುವೂ ಅದನ್ನು ತನ್ನ ಮೇಲೆ ಎಂದೂ ಹೊದ್ದು ನೋಡಿರುವುದಿಲ್ಲ. ಹರಾರೆಯಲ್ಲಿ ಶೋನಾಕ್ಕೆ ಮಾಡಿದ ಕೆಲಸವನ್ನು ಗಡಿನಾಡಿನ ಕನ್ನಡಗಳಿಗೆ ಯಾರಾದರೂ ಕೂತು ಮಾಡಬೇಕು. ಅದು ಒಬ್ಬ ಕಿರಿಯ ಸಂಶೋಧಕ ಐದು ವರ್ಷಗಳಲ್ಲಿ ಮಾಡಿ ಮುಗಿಸಬಹುದಾದ ಅಳತೆಯ ಕೆಲಸವೇ ಆಗಿದೆ.

ಹಾಗೆ ಯಾರಾದರೂ ಬಂದಾಗ ಕಾನೂನು ಏನು ಹೇಳುತ್ತದೆ ಎಂಬುದನ್ನು ಪಾಲಕರು ತಿಳಿದಿರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 99ನೆಯ ಕಲಂ ಪ್ರಕಾರ, ಮಾನಸಿಕ ಕಾಯಿಲೆ ಇರುವ ವ್ಯಕ್ತಿಯನ್ನು ಸಂಶೋಧನೆಗಾಗಿ ಸಂದರ್ಶಿಸಬೇಕಾದರೂ ಮುಕ್ತವಾದ, ತಿಳಿದು ಕೊಟ್ಟ ಸಮ್ಮತಿ ಬೇಕು. ತಿಳಿದು ಕೊಟ್ಟ ಸಮ್ಮತಿ ಎಂದರೇನು ಎಂಬುದನ್ನು ಅದೇ ಕಾಯಿದೆಯ 2ನೆಯ ಕಲಂ ವಿವರಿಸುತ್ತದೆ: ಒತ್ತಾಯ, ವಂಚನೆ, ತಪ್ಪು ತಿಳಿವಳಿಕೆ ಇರಬಾರದು, ಮತ್ತು ವಿಷಯವನ್ನು ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೀತಿಯಲ್ಲಿ ತಿಳಿಸಿರಬೇಕು. ಭಾಷೆ ಎಂಬ ಪದ ಕಾಯಿದೆಯ ಪಠ್ಯದಲ್ಲಿಯೇ ಇದೆ. ಚಿಕಿತ್ಸೆಯ ಹಕ್ಕನ್ನು ಹೇಳುವ 18ನೆಯ ಕಲಂ ಮಾತ್ರ ಲಿಂಗ, ಧರ್ಮ, ಸಂಸ್ಕೃತಿ, ಜಾತಿ, ವರ್ಗ ಮೊದಲಾದವನ್ನು ಎಣಿಸುವಾಗ ಭಾಷೆಯನ್ನು ಹೆಸರಿಸಿಲ್ಲ. ‘ಬೇರೆ ಯಾವುದೇ ಆಧಾರ’ ಎಂಬ ಮಾತಿನೊಳಗೆ ಅದನ್ನು ಸೇರಿಸಿ ವಾದಿಸಬೇಕಾಗುತ್ತದೆ. ಕಾಯಿದೆ ಬರೆದವರಿಗೆ ಭಾಷಾ ಅಲ್ಪಸಂಖ್ಯಾತರು ನೆನಪಾಗಲಿಲ್ಲ ಎಂದೇ ತಿಳಿಯಬೇಕು. ಸಂವಿಧಾನಕ್ಕೆ ಮಾತ್ರ ಅವರ ನೆನಪಿತ್ತು. 350ನೆಯ ಅನುಚ್ಛೇದದಂತೆ ಯಾವ ವ್ಯಕ್ತಿಯಾದರೂ ತನ್ನ ಕುಂದುಕೊರತೆಯ ಮನವಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವ ಅಧಿಕಾರಿಗಾದರೂ ಸಲ್ಲಿಸಬಹುದು. 1956ರಲ್ಲಿ ಏಳನೆಯ ತಿದ್ದುಪಡಿಯಿಂದ ಸೇರಿದ 350ಎ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸುವಂತೆ ರಾಜ್ಯಗಳಿಗೆ ಹೇಳುತ್ತದೆ. ತಹಶೀಲ್ದಾರರಿಗೆ ಕನ್ನಡದಲ್ಲಿ ಅರ್ಜಿ ಬರೆಯಬಹುದಾದ ದೇಶದಲ್ಲಿ, ಮಗು ತನ್ನ ದುಃಖವನ್ನು ಹೇಳಿಕೊಳ್ಳಲು ಬೇರೆ ಭಾಷೆ ಹುಡುಕಬೇಕಾಗುವುದು ವಿಚಿತ್ರ.

ಶಾಲೆಯ ಎಲ್ಲ ಮಕ್ಕಳ ನಡುವೆ ನಡೆಸುವ ಸಾಮಾನ್ಯ ಸಮೀಕ್ಷೆಗಳಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ಪ್ರಕಟಿಸಿದ ನೈತಿಕ ಮಾರ್ಗಸೂಚಿ ಅನ್ವಯಿಸುತ್ತದೆ. ಅದರಂತೆ ಪಾಲಕರ ಸಮ್ಮತಿ ಒಂದೇ ಸಾಲದು, ಮಗುವಿನ ಒಪ್ಪಿಗೆಯೂ ಬೇಕು: ಏಳರಿಂದ ಹನ್ನೆರಡು ವರ್ಷದವರಿಂದ ಬಾಯಿಮಾತಿನಲ್ಲಿ, ಹನ್ನೆರಡು ದಾಟಿದವರಿಂದ ಬರಹದಲ್ಲಿ. ಕನ್ನಡ ಶಾಲೆಗೆ ಸಮ್ಮತಿಪತ್ರವೊಂದು ಬಂದಾಗ ಪಾಲಕರು ಕೇಳಬಹುದಾದ ಪ್ರಶ್ನೆಗಳು ಹಲವು. ಈ ಪತ್ರ ಕನ್ನಡದಲ್ಲಿದೆಯೇ? ಮಗುವನ್ನು ಸಂದರ್ಶಿಸುವವರು ಕನ್ನಡ ಬಲ್ಲವರೇ? ನೈತಿಕ ಸಮಿತಿಯ ಒಪ್ಪಿಗೆ ದೊರೆತಿದೆಯೇ? ಮಗು ಹೇಳಿದ್ದನ್ನು ಶಾಲೆಗೆ ತಿಳಿಸುತ್ತಾರೆಯೇ, ಗುಟ್ಟಾಗಿಡುತ್ತಾರೆಯೇ? ಮಗುವಿಗೆ ನಿಜಕ್ಕೂ ತೊಂದರೆ ಇದೆಯೆಂದು ಕಂಡುಬಂದರೆ ಮುಂದೆ ಯಾರ ಬಳಿಗೆ ಕಳುಹಿಸುತ್ತಾರೆ? ಈ ಕೊನೆಯ ಪ್ರಶ್ನೆಗೆ ಉತ್ತರವಿಲ್ಲದ ಸಮೀಕ್ಷೆಗೆ ಸಹಿ ಹಾಕಲು ಆತುರಪಡಬೇಕಾದ್ದಿಲ್ಲ. ಸಹಿ ಹಾಕದಿದ್ದರೆ ಮಗುವಿನ ಅಂಕಕ್ಕೆ ಅಥವಾ ಶಾಲೆಯ ಪ್ರವೇಶಕ್ಕೆ ತೊಂದರೆಯಾಗಬಾರದು. ಹಾಗೆಂದು ಯಾರಾದರೂ ಬೆದರಿಸಿದರೆ ಅಲ್ಲಿಗೆ ಆ ಸಮ್ಮತಿಗೆ ಬೆಲೆಯೇ ಉಳಿಯುವುದಿಲ್ಲ.

ಇದನ್ನು ಓದಿ ಸಂಶೋಧಕರನ್ನು ಬಾಗಿಲಲ್ಲೇ ತಡೆಯಬೇಕೆಂದು ಯಾರೂ ತಿಳಿಯಬಾರದು. ಅನುಮಾನದಿಂದ ಬಾಗಿಲು ಮುಚ್ಚಿದ ಶಾಲೆಯ ಮಕ್ಕಳು ಯಾವ ಅಂಕಿಯಲ್ಲೂ ಸೇರುವುದಿಲ್ಲ. ಅಂಕಿಯಲ್ಲಿ ಇಲ್ಲದವರಿಗೆ ಆಪ್ತಸಮಾಲೋಚಕರ ಹುದ್ದೆಯೂ ಮಂಜೂರಾಗುವುದಿಲ್ಲ. ಅಷ್ಟರಲ್ಲಿ ಯಾವ ಮಗುವಿಗಾದರೂ ಇಂದೇ ನೆರವು ಬೇಕಾಗಿದ್ದರೆ, 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರದ ‘ಟೆಲಿ ಮಾನಸ್’ ಸಹಾಯವಾಣಿ ಇದೆ. ಸಂಖ್ಯೆ 14416, ಕರೆ ಉಚಿತ. ಕರೆ ಮಾಡಿದವರು ಭಾಷೆಯನ್ನು ಆರಿಸಿಕೊಳ್ಳಬಹುದು, ಆ ಭಾಷೆಗಳಲ್ಲಿ ಕನ್ನಡವೂ ಒಂದು. ಮರಾಠಿ ಅಥವಾ ಮಲಯಾಳದಲ್ಲಿ ಮಾತಾಡಿಸಿದರೆ ಕನ್ನಡದವರು ಬೇಕೆಂದು ಸಂಕೋಚವಿಲ್ಲದೆ ಕೇಳಬೇಕು.

ಉಳಿದದ್ದು ಆ ಕಿರಿಯ ಸಂಶೋಧಕ ಯಾರಾಗಿರಬೇಕೆಂಬ ಮಾತು. ಹೊರಗಿನಿಂದ ಬಂದವನು ಪಟೇಲರಂತೆ ಕೇಳಿ ಕಲಿಯಬಹುದು. ಒಳಗಿನವಳಾದರೆ ಕೇಳುವ ಮೊದಲೇ ಅರ್ಧ ತಿಳಿದಿರುತ್ತಾಳೆ. ಬಾಲಭಾರತಿ ಮುದ್ರಿಸಿದ ಕನ್ನಡ ಪಠ್ಯಪುಸ್ತಕ ಓದಿ ಹತ್ತನೆಯ ತರಗತಿ ಮುಗಿಸಿದ ಹುಡುಗಿಗೆ ಆ ದಾರಿ ಮುಚ್ಚಿಲ್ಲ, ಆದರೆ ಸುಲಭವೂ ಅಲ್ಲ. ಮನೋವಿಜ್ಞಾನ, ಸಮಾಜಕಾರ್ಯ, ನರ್ಸಿಂಗ್, ವೈದ್ಯಕೀಯ, ಸಾರ್ವಜನಿಕ ಆರೋಗ್ಯ, ಇವುಗಳಲ್ಲಿ ಯಾವುದರಿಂದಲಾದರೂ ಈ ಕ್ಷೇತ್ರಕ್ಕೆ ಬರಬಹುದು. ಪಿಎಚ್‌ಡಿ ಕಾಲದಲ್ಲಿ ಯುಜಿಸಿ ಕೊಡುವ ಕಿರಿಯ ಸಂಶೋಧನಾ ಫೆಲೋಷಿಪ್ಪಿನ ಮೊತ್ತವು 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಆಗಿದೆ. ಮೊದಲ ತಲೆಮಾರಿನ ಪದವೀಧರೆಯ ಮನೆಗೆ ಅದು ಸಣ್ಣ ಮೊತ್ತವಲ್ಲ. ಆ ಅರ್ಹತಾ ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾತ್ರ, ಭಾಷಾ ವಿಷಯಗಳನ್ನು ಬಿಟ್ಟರೆ, ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಇರುತ್ತದೆ. ಆದ್ದರಿಂದ ಕನ್ನಡ ಶಾಲೆಯ ಮಕ್ಕಳಿಗೆ ಹೈಸ್ಕೂಲಿನಿಂದಲೇ ಇಂಗ್ಲಿಷ್ ಓದಿನ ಅಭ್ಯಾಸ ಗಟ್ಟಿಯಾಗಬೇಕು. ಕನ್ನಡವನ್ನು ಬಿಟ್ಟು ಅದನ್ನು ಗಳಿಸಿದರೆ ಈ ಕೆಲಸಕ್ಕೆ ಬೇಕಾದ ಮುಖ್ಯ ಬಂಡವಾಳವೇ ಕರಗಿಹೋಗುತ್ತದೆ.

ಅನುದಾನ ಕೊಡುವವರ ಕಡೆಯಿಂದಲೂ ಒಂದು ಕೆಲಸ ಆಗಬೇಕಿದೆ. ಅರ್ಜಿಯ ನಮೂನೆಯಲ್ಲಿ, ಅಧ್ಯಯನ ನಡೆಯುವ ಜಿಲ್ಲೆಯಲ್ಲಿ ಯಾವ ಯಾವ ಮಾಧ್ಯಮದ ಶಾಲೆಗಳಿವೆ, ಅವುಗಳಲ್ಲಿ ಯಾವುವನ್ನು ಸೇರಿಸಿಕೊಳ್ಳಲಾಗಿದೆ, ಬಿಟ್ಟಿದ್ದರೆ ಕಾರಣವೇನು ಎಂದು ಕೇಳುವ ಅಂಕಣವೊಂದನ್ನು ಇಡುವುದು ಕಷ್ಟವಲ್ಲ. ಸೊಲ್ಲಾಪುರ ಜಿಲ್ಲೆಯನ್ನು ಆರಿಸಿಕೊಂಡವನು ಆಗ ಅಕ್ಕಲಕೋಟೆಯ ಕನ್ನಡ ಶಾಲೆಗಳ ಹೆಸರನ್ನು ಬರೆಯಲೇಬೇಕಾಗುತ್ತದೆ. ಕನ್ನಡದ ಪ್ರಶ್ನಾವಳಿಯನ್ನು ಸಿದ್ಧಪಡಿಸುವ, ಅದನ್ನು ಊರಿನ ಮಕ್ಕಳ ಮುಂದೆ ಓದಿಸಿ ಎಲ್ಲಿ ತಡವರಿಸುತ್ತಾರೆಂದು ನೋಡುವ, ತಿದ್ದಿ ಮತ್ತೆ ಓದಿಸುವ ಖರ್ಚನ್ನು ಅವನು ಬಜೆಟ್ಟಿನಲ್ಲಿ ಬೇರೆಯೇ ಸಾಲಾಗಿ ತೋರಿಸಬಹುದು. ಮೂರನೆಯ ಹಂತದ ಹೊಸ ಮಂಜೂರಾತಿಗಳಿಗೆ 2030-31ರವರೆಗೆ ಅವಕಾಶವಿದೆ.